ನಮ್ಮನ್ನು ಕ್ರೈಸ್ತರೆಂದು ಕರೆಯುವವರು ಯಾರು?



ನೀವು ಕ್ರೈಸ್ತರೇ ಎಂದು ಯಾರಾದರೂ ಕೇಳಿದರೆ ನಾವು ಹಿಂದುಮುಂದು ನೋಡದೆ ಹೌದು ಎನ್ನುತ್ತೇವೆ. ಆಧಾರ ಬೇಕೆಂದರೆ ಅದೂ ಇದೆ. ಧರ್ಮಕೇಂದ್ರದ ದೀಕ್ಷಾಸ್ನಾನದ ದಪ್ಪ ಪುಸ್ತಕದಲ್ಲಿ ನಮ್ಮ ಹೆಸರಿದೆ, ತಂದೆ ತಾಯಿಯರ ಹೆಸರಿದೆ, ಜ್ಞಾನತಂದೆ ಜ್ಞಾನತಾಯಿಯರ ಹೆಸರಿದೆ, ಕೆಳಗೆ ಗುರುಗಳ ಸಹಿ ಇದೆ. ಮನೆಯ ಬಾಗಿಲ ಮೇಲೆ ಶಿಲುಬೆ, ನಡುಮನೆಯಲ್ಲಿ ಪವಿತ್ರ ಹೃದಯದ ಪಟ, ಡಿಸೆಂಬರ್ ಬಂತೆಂದರೆ ಸೂರಿನ ಕೆಳಗೆ ಕಾಗದದ ನಕ್ಷತ್ರ. ಇಷ್ಟಿದ್ದ ಮೇಲೆ ಇನ್ನೇನು ಬೇಕು?

ಆ ದಪ್ಪ ಪುಸ್ತಕವನ್ನು ತೆರೆದು, ಧೂಳು ಕೊಡವಿ, ಹೆಸರು ಹುಡುಕಿ ಪ್ರಮಾಣಪತ್ರ ಬರೆದುಕೊಡುವ ಕೆಲಸವನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಮದುವೆ ಗೊತ್ತಾದಾಗ, ಮಕ್ಕಳನ್ನು ಶಾಲೆಗೆ ಸೇರಿಸುವಾಗ ಜನ ಓಡಿ ಬರುತ್ತಾರೆ. ಪ್ರತಿ ಸಲವೂ ಒಂದು ಯೋಚನೆ ಸುಳಿದು ಹೋಗುತ್ತದೆ. ಈ ಪುಸ್ತಕದಲ್ಲಿ ಹೆಸರು ಬರೆದವರು ನಾವೇ, ಓದುವವರು ನಾವೇ, ಪ್ರಮಾಣಪತ್ರಕ್ಕೆ ಮೊಹರು ಒತ್ತುವವರೂ ನಾವೇ. ಹೊರಗಿನವರೊಬ್ಬರ ಸಾಕ್ಷಿ ಇದರಲ್ಲಿ ಎಲ್ಲಿಯೂ ಇಲ್ಲ.

ಆದರೆ ಆ ಹೆಸರು ಮೊದಲು ಬಂದದ್ದು ಹೊರಗಿನವರ ಬಾಯಿಂದಲೇ. ಪ್ರೇಷಿತರ ಕಾರ್ಯಕಲಾಪಗಳ 11ನೇ ಅಧ್ಯಾಯವನ್ನು ತೆರೆದು ನೋಡಿ. ಯೇಸುಸ್ವಾಮಿಯ ಅನುಯಾಯಿಗಳು ತಮ್ಮನ್ನು ಶಿಷ್ಯರು ಎಂದುಕೊಳ್ಳುತ್ತಿದ್ದರು, ಸಹೋದರರು ಎಂದುಕೊಳ್ಳುತ್ತಿದ್ದರು, ಭಕ್ತರು ಎಂದುಕೊಳ್ಳುತ್ತಿದ್ದರು. ಕ್ರೈಸ್ತರು ಎಂದು ಅವರು ತಮ್ಮನ್ನು ಕರೆದುಕೊಳ್ಳಲಿಲ್ಲ. ಅಂತಿಯೋಕ್ಯ ಎಂಬ ದೊಡ್ಡ ವ್ಯಾಪಾರದ ಊರಿನಲ್ಲಿ, ಇವರನ್ನು ದಿನವೂ ನೋಡುತ್ತಿದ್ದ ಬೇರೆ ಜನ ಇವರಿಗೆ ಆ ಹೆಸರಿಟ್ಟರು. ಗೌರವದಿಂದ ಇಟ್ಟರೋ ಗೇಲಿಗೆ ಇಟ್ಟರೋ ಸಂತ ಲೂಕರು ಹೇಳುವುದಿಲ್ಲ. ಗೇಲಿಯೇ ಇರಬಹುದೆಂದು ಅನೇಕ ಪಂಡಿತರ ಅಭಿಪ್ರಾಯ. ಮೂರು ಹೊತ್ತೂ ಕ್ರಿಸ್ತ ಕ್ರಿಸ್ತ ಎನ್ನುವ ಆ ಗುಂಪಿನವರು ಎಂಬ ಅರ್ಥದಲ್ಲಿ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಕ್ರೈಸ್ತ ಎಂಬ ಪದ ಬರುವುದು ಮೂರೇ ಕಡೆ. ಮೊದಲನೆಯದು ಈ ಅಂತಿಯೋಕ್ಯದ ಮಾತು. ಎರಡನೆಯದು ಸಂತ ಪೌಲರನ್ನು ವಿಚಾರಿಸುತ್ತ ಕುಳಿತ ಅಗ್ರಿಪ್ಪ ರಾಜನ ಬಾಯಲ್ಲಿ, ಅವನೂ ಹೊರಗಿನವನೇ. ಮೂರನೆಯದು ಸಂತ ಪೇತ್ರರ ಮೊದಲನೆಯ ಪತ್ರದಲ್ಲಿ, ಅಲ್ಲಿ ಅದು ಹಿಂಸೆ ಅನುಭವಿಸಲು ಕಾರಣವಾಗುವ ಹೆಸರು. ನಾವು ಇಷ್ಟು ಸಲೀಸಾಗಿ ಹಾಕಿಕೊಳ್ಳುವ ಹೆಸರನ್ನು ಅವರು ಎಷ್ಟು ಕಡಿಮೆ ಬಳಸಿದ್ದಾರೆ ನೋಡಿ!

ಹೆಸರು ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಯಾವುದು? ಅದೇ ಅಧ್ಯಾಯದ ಮುಂದಿನ ವಾಕ್ಯಗಳಲ್ಲಿಯೇ ಇದೆ. ಅಗಬ ಎಂಬ ಪ್ರವಾದಿ ಬರಗಾಲ ಬರಲಿದೆ ಎಂದು ತಿಳಿಸುತ್ತಾನೆ. ಕೂಡಲೆ ಅಂತಿಯೋಕ್ಯದವರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಹಣ ಕೂಡಿಸಿ, ಜುದೇಯದಲ್ಲಿದ್ದ ಜನರಿಗೆ ಬಾರ್ನಬ ಮತ್ತು ಸೌಲರ ಕೈಲಿ ಕಳುಹಿಸುತ್ತಾರೆ. ದೇವಾಲಯ ಕಟ್ಟಲಿಲ್ಲ, ಗೋಪುರ ಏರಿಸಲಿಲ್ಲ, ಹಬ್ಬದ ಮೆರವಣಿಗೆ ತೆಗೆಯಲಿಲ್ಲ. ಎಂದೂ ನೋಡದ ದೂರದ ಊರಿನವರ ಹಸಿವಿಗೆ ದುಡ್ಡು ಕೂಡಿಸಿದರು. ಹಬ್ಬದ ಮೆರವಣಿಗೆ ಬೇಡವೆಂದು ನಾನು ಹೇಳುತ್ತಿಲ್ಲ, ನನಗೂ ಅದು ಇಷ್ಟ. ಆದರೆ ಸಂತ ಲೂಕರು ಯಾವುದನ್ನು ಯಾವುದರ ಪಕ್ಕದಲ್ಲಿ ಬರೆದಿದ್ದಾರೆ ಎಂಬುದನ್ನು ಗಮನಿಸಬೇಕಲ್ಲವೇ?

ಈಗ ನಮ್ಮ ಅಂತಿಯೋಕ್ಯಕ್ಕೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಕಲ್ಪತರು ನಾಡಿನಲ್ಲಿ ನಾವು ಎಷ್ಟು ಜನ? 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿಯೇ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಇರುವ ಹಾಗೆ ಬೀದಿಗೊಂದು ದೇವಾಲಯ ಇಲ್ಲಿಲ್ಲ. ತೋಟಗಳ ನಡುವೆ ಅಲ್ಲೊಂದು ಮನೆ, ಇಲ್ಲೊಂದು ಮನೆ. ಎಷ್ಟೋ ಹಳ್ಳಿಗಳಲ್ಲಿ ಒಂದೇ ಕುಟುಂಬ. ಆ ಊರಿನವರಿಗೆ ಕ್ರೈಸ್ತ ಧರ್ಮದ ಬಗ್ಗೆ ಗೊತ್ತಿರುವುದೆಲ್ಲ ಆ ಒಂದು ಕುಟುಂಬವನ್ನು ನೋಡಿ ಗೊತ್ತಾದದ್ದು. ಅವರು ಶುಭಸಂದೇಶ ಓದಿಲ್ಲ, ನಿಮ್ಮನ್ನು ಓದುತ್ತಿದ್ದಾರೆ. ಇದು ಹೆದರಿಸುವುದಕ್ಕೆ ಹೇಳುವ ಮಾತಲ್ಲ, ಇರುವ ಸಂಗತಿ.

ಒಂದು ಭಾನುವಾರ ಬಲಿಪೂಜೆಯ ಪ್ರಬೋಧನೆಯಲ್ಲಿ ನಾನು ಕೊಬ್ಬರಿಯ ಹೋಲಿಕೆ ಕೊಟ್ಟೆ. ಈ ಕಡೆಯ ಉಂಡೆ ಕೊಬ್ಬರಿ ಹೇಗಾಗುತ್ತದೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಪೇಟೆಯಲ್ಲಿ ಬೆಳೆದ ಮಕ್ಕಳಿಗಾಗಿ ಎರಡು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಹಾಗೆ ಬಿಡುತ್ತಾರೆ. ಬಿಸಿಲಿಗೆ ಹಾಕುವುದಿಲ್ಲ, ಒಡೆಯುವುದಿಲ್ಲ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ನಿಧಾನವಾಗಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆಯಾಗುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಕೊಬ್ಬರಿ ತೆಗೆದು ಮಾರುಕಟ್ಟೆಗೆ ಒಯ್ಯುತ್ತಾರೆ. ಕೆಲವು ಕಾಯಿ ಒಳಗೊಳಗೇ ಕೌಟಾಗುವುದೂ ಉಂಟು. ನಾನು ಹೇಳಿದ್ದಿಷ್ಟು: ಹೊರಗಿನ ಸಿಪ್ಪೆ ನೋಡಿ ಒಳಗಿನದು ಚೆನ್ನಾಗಿದೆಯೋ ಕೌಟಾಗಿದೆಯೋ ತಿಳಿಯದು, ದೇವರು ಒಡೆದಾಗಲೇ ಗೊತ್ತಾಗುವುದು, ಹಾಗೆಯೇ ನಮ್ಮ ಹೃದಯ ಕೂಡ. ಹೋಲಿಕೆ ಚೆನ್ನಾಗಿ ಬಂತೆಂದು ನನಗೆ ಒಳಗೊಳಗೇ ಸಂತೋಷವೂ ಆಗಿತ್ತು.

ಪೂಜೆ ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ಬಾಗಿಲ ಬಳಿ ನನ್ನನ್ನು ನಿಲ್ಲಿಸಿದರು. "ಸ್ವಾಮಿ, ಒಂದು ಮಾತು. ಒಡೀದೇನೇ ಗೊತ್ತಾಗ್ತದೆ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಸಾಕು. ನೀರಿದ್ರೆ ಒಂದು ಸದ್ದು, ಕೊಬ್ಬರಿ ಬಿಟ್ಕೊಂಡಿದ್ರೆ ಒಂದು ಸದ್ದು, ಕೆಟ್ಟಿದ್ರೆ ಇನ್ನೊಂದು ಸದ್ದು. ನಮ್ಮ ಮನೆ ಹೆಂಗಸ್ರೂ ಹೇಳಿಬಿಡ್ತಾರೆ" ಎಂದರು. ನಾನು ನಕ್ಕು ಸುಮ್ಮನಾದೆ. ಆದರೆ ಆ ವಾರವೆಲ್ಲ ಅವರ ಮಾತು ನನ್ನನ್ನು ಬಿಡಲಿಲ್ಲ. ನಾನು ಒಳಗಿನದು ದೇವರಿಗೆ ಮಾತ್ರ ಗೊತ್ತು ಎಂದಿದ್ದೆ. ಅವರು ಹೇಳಿದ್ದು, ದಿನಾ ಕೈಯಲ್ಲಿ ಹಿಡಿಯುವವರಿಗೂ ಗೊತ್ತು ಎಂದು. ಅಂತಿಯೋಕ್ಯದ ಜನ ಮಾಡಿದ್ದೂ ಇದನ್ನೇ ಅಲ್ಲವೇ? ಅವರು ಯಾರ ಹೃದಯವನ್ನೂ ಒಡೆದು ನೋಡಲಿಲ್ಲ. ಒಟ್ಟಿಗೆ ವ್ಯಾಪಾರ ಮಾಡಿದರು, ಸಾಲ ಕೊಟ್ಟು ತೆಗೆದುಕೊಂಡರು, ಜಗಳವಾಡಿದರು, ಸಾವು ನೋವಿನಲ್ಲಿ ಹೋಗಿ ಬಂದರು. ಸದ್ದು ಕೇಳಿಸಿತು, ಹೆಸರಿಟ್ಟರು.

ನಮ್ಮನ್ನು ಅಲ್ಲಾಡಿಸುವ ಕೈಗಳು ಯಾವುವು? ನಿಮ್ಮ ತೋಟದಲ್ಲಿ ಕಾಯಿ ಕೀಳಲು ಬರುವವನ ಕೈ ಒಂದು. ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಜೀವವನ್ನು ಅಂಗೈಯಲ್ಲಿ ಹಿಡಿದು ಮರ ಏರಿ ಇಳಿಯುತ್ತಾನೆ. ಸಂಜೆ ಕೂಲಿ ಕೊಡುವಾಗ ನೀವು ಎಣಿಸುವ ರೀತಿ ಅವನಿಗೆ ಗೊತ್ತು. ನಾಳೆ ಬಾ, ನಾಡಿದ್ದು ಬಾ ಎಂದು ಅಲೆಸಿದರೆ ಅದೂ ಗೊತ್ತು. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಾಕೋಬರು ಎಚ್ಚರಿಸಿದ್ದು ಇಂಥ ಮನೆಯವರನ್ನೇ. ಚಿಪ್ಪು ಒಡೆದು ಕೊಬ್ಬರಿ ತೆಗೆಯುವ ಹೆಂಗಸಿನ ಕೈ ಇನ್ನೊಂದು. ಕೌಟು ಕೊಬ್ಬರಿಯನ್ನು ಬೇರೆ ರಾಶಿಗೆ ಹಾಕಮ್ಮ ಎಂದಿರೋ, ಚೀಲದ ನಡುವಿಗೆ ಸೇರಿಸು ಎಂದಿರೋ ಅವಳು ಮರೆಯುವುದಿಲ್ಲ. ವರ್ತಕರಾಗಿದ್ದರೆ ನಿಮ್ಮ ತಕ್ಕಡಿಯ ಮುಂದೆ ನಿಂತ ರೈತನ ಕೈ. ಇವರಲ್ಲಿ ಯಾರೂ ನಮ್ಮ ದೀಕ್ಷಾಸ್ನಾನದ ಪುಸ್ತಕ ನೋಡಿದವರಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯುತ್ತದೆ, ನಿಮಗೆ ಸಂಶಯ ಬೇಡ. ಮನೆಯ ಜಗಲಿಯ ಮೇಲೆ ಕುಳಿತು, ಹೆಂಡತಿ ಮಗಳ ಎದುರಿನಲ್ಲಿ ಹೇಳಿದ ಮಾತು. ಹೆಸರು ಊರು ಬಿಟ್ಟು ಬರೆಯಿರಿ ಫಾದರ್, ಇನ್ನೊಬ್ಬರಿಗೆ ಉಪಯೋಗವಾಗಲಿ ಎಂದು ಅವರೇ ಒಪ್ಪಿದ್ದು.

2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಮಾರುಕಟ್ಟೆಯಲ್ಲಿ ಆಗ ಬೆಲೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ಹಾಗಾಗಿ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವುದೆಂದರೆ ರೈತರಿಗೆ ಜೀವನದ ಪ್ರಶ್ನೆಯಾಗಿತ್ತು. ಕೊಳ್ಳುವುದಕ್ಕೆ ಒಟ್ಟು ಮಿತಿಯಿತ್ತು, ಒಬ್ಬ ರೈತನಿಂದ ಇಷ್ಟೇ ಎಂಬ ಮಿತಿಯೂ ಇತ್ತು. ಫೆಬ್ರವರಿಯಲ್ಲಿ ನೋಂದಣಿ ಆರಂಭವಾಗಿ ಕೆಲವೇ ದಿನಗಳಲ್ಲಿ ಮುಗಿದುಹೋಯಿತು, ಅಕ್ರಮವಾಗಿದೆಯೆಂಬ ದೂರುಗಳು ಬಂದವು, ಅದನ್ನು ರದ್ದುಪಡಿಸಿ ಮಾರ್ಚ್‌ನಲ್ಲಿ ಹೊಸದಾಗಿ ನೋಂದಣಿ ನಡೆಸಲಾಯಿತು. ಇದೆಲ್ಲ ನಿಮಗೆ ನೆನಪಿರಬಹುದು. ನಿಮ್ಮಲ್ಲಿ ಕೆಲವರು ಆ ಸಾಲಿನಲ್ಲಿ ನಿಂತವರೇ.

ನಾನು ಹೇಳುವ ಈ ಸಹೋದರರಿಗೆ ಎರಡು ಎಕರೆ ತೆಂಗಿನ ತೋಟ. ತಾಯಿಯ ಆಸ್ಪತ್ರೆ ಖರ್ಚಿಗೆಂದು ಅವರು ಆ ವರ್ಷದ ಕೊಬ್ಬರಿಯನ್ನು ಮೊದಲೇ ಕಡಿಮೆ ಬೆಲೆಗೆ ಮಾರಿಬಿಟ್ಟಿದ್ದರು. ಅಟ್ಟ ಖಾಲಿಯಾಗಿತ್ತು, ಪಹಣಿ ಮಾತ್ರ ಇತ್ತು. ಪರಿಚಯದ ವರ್ತಕರೊಬ್ಬರು ಬಂದು ಕೇಳಿದರು. ನಿಮ್ಮ ಪಹಣಿ, ನಿಮ್ಮ ಆಧಾರ್, ನಿಮ್ಮ ಬ್ಯಾಂಕ್ ಖಾತೆ. ಮಾಲು ನನ್ನದು. ದುಡ್ಡು ಬಂದ ಮೇಲೆ ತೆಗೆದು ಕೊಡಿ, ಕ್ವಿಂಟಲ್‌ಗೆ 500 ರೂಪಾಯಿ ನಿಮಗೆ. ಕಷ್ಟದಲ್ಲಿದ್ದ ಮನುಷ್ಯ ಒಪ್ಪಿಕೊಂಡರು. ನೋಂದಣಿಗೆ ತಾವೇ ಹೋಗಿ ಹೆಬ್ಬೆಟ್ಟು ಒತ್ತಿ ಬಂದರು. ಭಾನುವಾರ ದೇವಾಲಯದ ಬಾಗಿಲಲ್ಲಿ ತೀರ್ಥದ ಬಟ್ಟಲಿಗೆ ಅದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುವ ಅದೇ ಕೈ.

ಮಾಲು ಕೊಡುವ ಹಿಂದಿನ ಸಂಜೆ ಮೂಟೆಗಳು ಅವರ ಅಂಗಳಕ್ಕೆ ಬಂದು ಇಳಿದವು. ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು ಶಾಲೆಯಿಂದ ಬಂದವಳೇ ಕೇಳಿದಳಂತೆ, "ಅಪ್ಪಾ, ನಮ್ಮ ಅಟ್ಟ ಖಾಲಿ ಅಲ್ವಾ? ಮತ್ತೆ ಈ ಮೂಟೆ ಯಾರ್ದು?" ಅಪ್ಪ ಏನೋ ಹೇಳಿ ಸುಮ್ಮನಾಗಿಸಿದರು. ರಾತ್ರಿ ಜಪಸರಕ್ಕೆ ಎಲ್ಲರೂ ಮೊಣಕಾಲೂರಿದಾಗ ಆ ಹುಡುಗಿ ಎಂದಿನಂತೆ ಪ್ರಾರ್ಥನೆ ಹೇಳಲಿಲ್ಲ. ಅಷ್ಟೇ. ಮತ್ತೊಂದು ಮಾತು ಕೇಳಲಿಲ್ಲ.

ಪ್ರಿಯ ತಂದೆ ತಾಯಿಯರೇ, ನಮ್ಮನ್ನು ಎಲ್ಲರಿಗಿಂತ ಹತ್ತಿರದಿಂದ ಅಲ್ಲಾಡಿಸಿ ನೋಡುವ ಕೈ ಮಕ್ಕಳದು. ಧರ್ಮೋಪದೇಶದ ತರಗತಿಗೆ ಕಳುಹಿಸಿದೆವು, ಪ್ರಥಮ ಪರಮಪ್ರಸಾದಕ್ಕೆ ಬಿಳಿ ಬಟ್ಟೆ ಹೊಲಿಸಿದೆವು, ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿದ ಮಗು ಏಳನೆಯದನ್ನೂ ಎಂಟನೆಯದನ್ನೂ ಅಂಗಳದಲ್ಲಿ ಇಳಿದ ಮೂಟೆಯ ಪಕ್ಕದಲ್ಲಿ ಇಟ್ಟು ನೋಡುತ್ತದೆ.

"ಇದರಲ್ಲಿ ಯಾರಿಗೆ ನಷ್ಟ ಫಾದರ್?" ಎಂದು ಅವರು ನನ್ನನ್ನು ಕೇಳಿದರು. ಪ್ರಾಮಾಣಿಕವಾಗಿಯೇ ಕೇಳಿದರು. ವರ್ತಕನಿಗೆ ಲಾಭ, ನನಗೆ ಸ್ವಲ್ಪ ಆಸರೆ, ಸರ್ಕಾರದ ದುಡ್ಡು, ಎಲ್ಲರೂ ಮಾಡಿದ್ದಾರೆ. ಈ ವಾದ ನಮಗೆಲ್ಲ ಪರಿಚಿತ. ಇದಕ್ಕೆ ಉತ್ತರ ಕೊಡುವುದು ಸುಲಭ ಎಂದುಕೊಳ್ಳಬೇಡಿ. ಕದ್ದ ವಸ್ತುವಿಗೆ ಒಬ್ಬ ಒಡೆಯನಿದ್ದರೆ ಅವನ ಮುಖ ಕಾಣುತ್ತದೆ. ಇಲ್ಲಿ ಮುಖವೇ ಕಾಣುವುದಿಲ್ಲ. ಕಾಣದಿರುವುದರಿಂದಲೇ ಒಳ್ಳೆಯವರೂ ಜಾರುತ್ತಾರೆ. ಆದರೆ ಒಟ್ಟು ಖರೀದಿಗೆ ಮಿತಿ ಇದ್ದ ಮೇಲೆ, ಸಾಲಿನಲ್ಲಿ ಒಂದು ಸುಳ್ಳು ಹೆಸರು ಮುಂದೆ ಸೇರಿದರೆ ಕೊನೆಯಲ್ಲಿ ಒಂದು ನಿಜವಾದ ಹೆಸರು ಹೊರಗೆ ಬೀಳುತ್ತದೆ. ಆ ಹೆಸರಿನವನು ಮಾಲನ್ನು ಮತ್ತೆ ಮನೆಗೆ ಹೊತ್ತು ತಂದು, ಸಿಕ್ಕ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ನಾನು ಅವರಿಗೆ ಹೇಳಿದ್ದು ಇಷ್ಟೇ: ನಷ್ಟವಾದವನು ಇದ್ದಾನೆ, ನಿಮಗೆ ಅವನ ಹೆಸರು ಗೊತ್ತಿಲ್ಲ, ಅಷ್ಟೇ.

ಅವರ ಕಥೆ ಇನ್ನೂ ಮುಗಿದಿಲ್ಲ. ಅದಕ್ಕೆ ಮೊದಲು ಹಾಸನದ ಕಡೆ ಒಂದು ಗಳಿಗೆ ಹೋಗಿ ಬರೋಣ. ಯಾಕೆಂದರೆ ಹೆಸರು ಗೊತ್ತಿಲ್ಲದವರಿಗೆ ನಾವು ಎಷ್ಟು ಸಾಲಗಾರರು ಎಂಬುದು ಅಲ್ಲಿ ಹೋದರೆ ತಿಳಿಯುತ್ತದೆ.

ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯ ರೋಜರಿ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ, ಇಲ್ಲವೇ ಚಿತ್ರದಲ್ಲಾದರೂ ಕಂಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಧರ್ಮಪ್ರಚಾರಕರು ಕಟ್ಟಿಸಿದ ದೊಡ್ಡ ದೇವಾಲಯ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಏರಿತು. ಅಲ್ಲಿನ ಕಥೋಲಿಕ ಕುಟುಂಬಗಳು ಹೊಲ ಮನೆ ಬಿಟ್ಟು ಬೇರೆಡೆ ಹೋಗಿ ನೆಲೆಸಬೇಕಾಯಿತು. ದೇವಾಲಯ ನೀರಿನಲ್ಲಿ ನಿಂತಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಚಾವಣಿಯಿಲ್ಲದ ಗೋಡೆಗಳು ಮತ್ತೆ ಮೇಲೆ ಕಾಣುತ್ತವೆ. ಈಗ ಜನ ಅಲ್ಲಿಗೆ ಚಿತ್ರ ತೆಗೆಯಲು ಬರುತ್ತಾರೆ. ಒಂದು ಕಾಲದಲ್ಲಿ ಅಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದರು, ಸತ್ತವರಿಗಾಗಿ ಪೂಜೆ ಅರ್ಪಿಸುತ್ತಿದ್ದರು.

ಆ ನೀರು ಎಲ್ಲಿಗೆ ಹೋಗುತ್ತದೆ ಗೊತ್ತೇ? ಎಡದಂಡೆ ನಾಲೆಯಲ್ಲಿ ಹರಿದು, ಬಾಗೂರು-ನವಿಲೆ ಸುರಂಗ ದಾಟಿ, ತುಮಕೂರು ಶಾಖಾ ನಾಲೆಯಾಗಿ ನಮ್ಮ ಕಡೆಗೇ ಬರುತ್ತದೆ. ತಿಪಟೂರು, ತುರುವೇಕೆರೆ, ಗುಬ್ಬಿ ಸೀಮೆಯ ಕೆರೆಗಳಿಗೆ ಬರುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆಯವರು ಅದೇ ನೀರಿಗಾಗಿ ವರ್ಷಗಟ್ಟಲೆ ಕೇಳುತ್ತ ಬಂದಿದ್ದಾರೆ. ಕೆರೆ ತುಂಬಿದ ವರ್ಷ ಕೊಳವೆಬಾವಿಯಲ್ಲಿ ನೀರು ಮೇಲೇರುತ್ತದೆ, ತೆಂಗಿನ ಗರಿ ಹಸಿರಾಗುತ್ತದೆ. ನಿಮ್ಮ ತೋಟದ ಎಷ್ಟೋ ಮರಗಳು ಕುಡಿಯುವ ನೀರು ಒಂದು ದೇವಾಲಯದ ಪೀಠದ ಮೇಲೆ ನಿಂತು ಬಂದ ನೀರು.

ಅವರು ತ್ಯಾಗ ಮಾಡಿದರು ಎಂದು ಸುಲಭವಾಗಿ ಹೇಳಿಬಿಡಲು ನನಗೆ ಮನಸ್ಸಿಲ್ಲ. ಅವರನ್ನು ಯಾರೂ ತ್ಯಾಗಕ್ಕೆ ಆಹ್ವಾನಿಸಲಿಲ್ಲ. ಅಣೆಕಟ್ಟು ಬಂತು, ಎದ್ದರು. ಕ್ರೈಸ್ತರಷ್ಟೇ ಅಲ್ಲ, ಆ ಹಿನ್ನೀರಿನ ಕೆಳಗೆ ಎಲ್ಲ ಜಾತಿ ಮತದವರ ಊರುಗಳೂ ಹೋದವು. ಆದರೆ ಎರಡು ಮಾತು ನಿಜ. ದೇವಾಲಯ ಮುಳುಗಿದಾಗ ಆ ಜನರ ವಿಶ್ವಾಸ ಮುಳುಗಲಿಲ್ಲ. ಬೇರೆ ಕಡೆ ಹೋಗಿ ಅಲ್ಲಿಯೂ ಪ್ರಾರ್ಥಿಸಿದರು. ಹಾಗಾದರೆ ಕಲ್ಲು ಗಾರೆಯಲ್ಲಿ ಇಲ್ಲದ ಏನನ್ನೋ ಅವರು ತಮ್ಮ ಜೊತೆ ಗಾಡಿಯಲ್ಲಿ ಹೇರಿಕೊಂಡು ಹೋಗಿರಬೇಕು. ಇನ್ನೊಂದು, ನಾವು ಅನುಭವಿಸುವುದರ ಬೆಲೆಯನ್ನು ನಾವು ಕಾಣದ ಯಾರೋ ತೆತ್ತಿದ್ದಾರೆ. ನಮ್ಮ ವಿಶ್ವಾಸದ ಮೂಲವೂ ಅದೇ ಅಲ್ಲವೇ? ನಾವು ಬೆಲೆ ಕೊಟ್ಟು ಕೊಳ್ಳಲ್ಪಟ್ಟವರು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆಯುತ್ತಾರೆ. ಬೆಲೆ ಕೊಟ್ಟವರು ಶಿಲುಬೆಯ ಮೇಲಿದ್ದಾರೆ. ಇದನ್ನು ನಿಜವಾಗಿ ನಂಬಿದವನು ರಾತ್ರಿ ಹೋಗಿ ತೂಬು ತಿರುಗಿಸಿ ಕೆಳಗಿನ ತೋಟದವನ ನೀರನ್ನು ತನ್ನ ಕಡೆ ಮಾಡಿಕೊಳ್ಳಲಾರ. ಮಾಡಿಕೊಂಡರೂ ನೆಮ್ಮದಿಯಿಂದ ನಿದ್ದೆ ಮಾಡಲಾರ.

ಇಷ್ಟೆಲ್ಲ ಹೇಳಿದ ಮೇಲೆ, ಒಳ್ಳೆಯತನ ನಮ್ಮೊಬ್ಬರ ಆಸ್ತಿ ಎಂದು ಯಾರಾದರೂ ತಿಳಿದರೆ ನಾನು ತಪ್ಪಾಗಿ ಬರೆದಿದ್ದೇನೆಂದೇ ಅರ್ಥ. ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟವರು. ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭುವಿನ ಬಲಗಡೆ ನಿಂತವರು ಬೆರಗಿನಿಂದ ಕೇಳುತ್ತಾರೆ: ನೀವು ಹಸಿದದ್ದನ್ನು ನಾವು ಯಾವಾಗ ನೋಡಿದೆವು? ಅವರಿಗೆ ಗೊತ್ತೇ ಇರಲಿಲ್ಲ. ಎಡಗಡೆಯವರಿಗೂ ಗೊತ್ತಿರಲಿಲ್ಲ. ಆ ಎಡಗಡೆಯ ಸಾಲಿನಲ್ಲಿ ದೀಕ್ಷಾಸ್ನಾನದ ಪ್ರಮಾಣಪತ್ರ ಹಿಡಿದವರು ಇರುವುದಿಲ್ಲ ಎಂದು ಪ್ರಭು ಎಲ್ಲಿಯೂ ಹೇಳಿಲ್ಲ. ಹಾಗಾದರೆ ದೀಕ್ಷಾಸ್ನಾನ ಬೇಡವೇ ಎಂದು ಕೇಳಬೇಡಿ. ಬೀಜ ಬಿತ್ತಿದವನಿಗೆ ಬೆಳೆ ಕೇಳುವ ಹಕ್ಕಿದೆ. ದೀಕ್ಷಾಸ್ನಾನ ಪಡೆದ ನಮ್ಮಿಂದ ದೇವರು ಹೆಚ್ಚು ಕೇಳುತ್ತಾರೆ, ಕಡಿಮೆಯಲ್ಲ.

ಈಗ ಜಗಲಿಗೆ ಹಿಂತಿರುಗೋಣ. ನಾನು ಅವರಿಗೆ ಜಕ್ಕಾಯನ ಕಥೆಯನ್ನು ನೆನಪಿಸಿದೆ. ಯೇಸುಸ್ವಾಮಿ ಜಕ್ಕಾಯನ ಮನೆಗೆ ಊಟಕ್ಕೆ ಹೋದರು, ದುಡ್ಡು ಹಿಂದಕ್ಕೆ ಕೊಡು ಎಂದು ಕೇಳಲಿಲ್ಲ. ಅವನೇ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸ ಹೋದವರಿಗೆ ನಾಲ್ಕರಷ್ಟು ಎಂದ. ಆಗ ಪ್ರಭು ಹೇಳಿದ್ದು ಈ ಮನುಷ್ಯನಿಗೆ ರಕ್ಷಣೆ ಬಂತು ಎಂದಲ್ಲ, ಈ ಮನೆಗೆ ಬಂತು ಎಂದು. ಮನೆಗೆ! ಜಕ್ಕಾಯನಿಗೆ ಹೆಂಡತಿ ಮಕ್ಕಳಿದ್ದರೋ ಇಲ್ಲವೋ ಶುಭಸಂದೇಶ ಹೇಳುವುದಿಲ್ಲ. ಇದ್ದಿದ್ದರೆ ಅವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿರುತ್ತಾರೆ ಎಂದು ನನಗೆ ಅನಿಸುತ್ತದೆ.

"ಜಕ್ಕಾಯನಿಗೆ ಯಾರಿಗೆ ಕೊಡಬೇಕು ಅಂತ ಗೊತ್ತಿತ್ತು ಫಾದರ್. ನಾನು ಯಾರಿಗೆ ಕೊಡ್ಲಿ?" ಎಂದರು ಅವರು. ನ್ಯಾಯವಾದ ಪ್ರಶ್ನೆ. ನನಗೂ ತಕ್ಷಣ ಉತ್ತರ ತೋಚಲಿಲ್ಲ. ದೇವಾಲಯದ ಹುಂಡಿಗೆ ಹಾಕಿಬಿಡಿ ಎನ್ನಬಹುದಿತ್ತು, ಅದು ನನಗೂ ಅವರಿಗೂ ಸುಲಭ. ಆದರೆ ದೇವಾಲಯಕ್ಕೆ ಅದರಿಂದ ನಷ್ಟವಾಗಿರಲಿಲ್ಲವಲ್ಲ.

ಉತ್ತರ ಹುಡುಕಿದವರು ಅವರ ಹೆಂಡತಿ. ಅದೇ ಊರಿನಲ್ಲಿ ಒಂದೂವರೆ ಎಕರೆಯ ಇನ್ನೊಬ್ಬ ರೈತ, ನಮ್ಮ ಧರ್ಮದವರಲ್ಲ, ಎರಡು ಸಲ ಸಾಲಿನಲ್ಲಿ ನಿಂತೂ ನೋಂದಣಿ ಸಿಗದೆ ಬಂದವರು ಎಂಬುದು ಆಕೆಗೆ ಗೊತ್ತಿತ್ತು. ಆ ಮನೆಯ ಹೆಂಗಸು ನಲ್ಲಿಯ ಹತ್ತಿರ ಹೇಳಿಕೊಂಡು ಅತ್ತಿದ್ದಳಂತೆ. ನಿಜವಾಗಿ ಈ ಹೆಬ್ಬೆಟ್ಟಿನಿಂದಲೇ ಆ ಮನೆಯ ಹೆಸರು ತಪ್ಪಿತೆಂದು ಹೇಳಲಾಗದು. ಆದರೆ ತಪ್ಪಿದ ಹೆಸರುಗಳಲ್ಲಿ ಅದೊಂದು. ಗಂಡ ಹೆಂಡತಿ ಇಬ್ಬರೂ ಒಂದು ಸಂಜೆ ಹೋಗಿ ಬಂದ ಹಣವನ್ನು, ಐದು ಸಾವಿರ ರೂಪಾಯಿಯನ್ನು, ಅವರ ಮುಂದಿಟ್ಟು ನಡೆದದ್ದನ್ನು ಹೇಳಿದರು. ಮಗಳೂ ಜೊತೆಯಲ್ಲಿದ್ದಳು.

ಆ ರೈತ ಕಣ್ಣೀರು ಹಾಕಿ ಅಪ್ಪಿಕೊಂಡರು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಬೈದರಂತೆ. ನಿಮ್ಮಂಥವರಿಂದಲೇ ನಾವು ಹಾಳಾದದ್ದು ಎಂದರಂತೆ. ದುಡ್ಡನ್ನು ಮಾತ್ರ ತೆಗೆದುಕೊಂಡರು. ನ್ಯಾಯವಾಗಿ ನೋಡಿದರೆ ಅವರಿಗೆ ಎರಡಕ್ಕೂ ಹಕ್ಕಿತ್ತು. ವರ್ತಕರಿಗೆ ಸುದ್ದಿ ಮುಟ್ಟಿ ಅವರಿಗೂ ಸಿಟ್ಟು ಬಂತು. ಊರೆಲ್ಲ ಗೊತ್ತಾಯಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಈ ದಡ್ಡ ತಾನೇ ಹೋಗಿ ಮರ್ಯಾದೆ ಕಳೆದುಕೊಂಡ ಎಂದು ಜನ ಆಡಿಕೊಂಡರು. 2025ರಲ್ಲಿ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ 20,000 ದಾಟಿದಾಗ, ಆ ಐದು ಸಾವಿರಕ್ಕೆ ಅಷ್ಟೆಲ್ಲ ರಾದ್ಧಾಂತ ಮಾಡಿಕೊಂಡೆಯಲ್ಲ ಎಂದು ಮತ್ತೆ ನಕ್ಕರು.

ಕಳೆದ ಸಲ ನಾನು ಆ ಮನೆಗೆ ಹೋದಾಗ ಮಗಳು ಕಾಫಿ ತಂದುಕೊಟ್ಟಳು. ಅಟ್ಟದಲ್ಲಿ ಕಾಯಿ ತುಂಬಿತ್ತು. ಆ ಸಹೋದರರು ಸ್ವಲ್ಪ ಬೇಸರದಿಂದಲೇ ಹೇಳಿದರು, "ಟೀ ಅಂಗಡಿಗೆ ಹೋಗೋ ಹಂಗಿಲ್ಲ ಫಾದರ್. ನನ್ನ ಹೆಸರೇ ಮರೆತು ಹೋಗಿದೆ ಅವರಿಗೆ. ನಾನು ಹೋದ ತಕ್ಷಣ ಎಲ್ರೂ ನಕ್ಕೊಂಡು, ಬಂದ ನೋಡ್ರಪ್ಪಾ ಏಸಪ್ಪ, ಜಾಗ ಬಿಡ್ರಿ ಅಂತಾರೆ."

ನನಗೆ ಸರಿಯಾಗಿ ಕೇಳಿಸಿತ್ತು. ಆದರೂ ಏನಂತಾರೆ ಎಂದು ಮತ್ತೊಮ್ಮೆ ಕೇಳಿದೆ.

"ಏಸಪ್ಪ" ಎಂದಳು ಮಗಳು, ಒಳಗಿನಿಂದ.